ಡೀಸೆಲ್ ಮುಗಿದಿರಲಿಲ್ಲ

ಅವತ್ತು ಹುಕ್ಕೇರಿಯ ಮದುವೆಯಲ್ಲಿ ಡೀಸೆಲ್ ಮುಗಿದಿರಲಿಲ್ಲ. ಜನರೇಟರ್ ಕೆಟ್ಟಿರಲಿಲ್ಲ. ನನ್ನ ಮೊಮ್ಮಗಳು ಸುಜಾತಾಗೆ ಡಿಜೆ ಬಾರಿಸಲು ಬರುವುದಿಲ್ಲ ಎಂಬುದೂ ಸುಳ್ಳು. ಹಾಡು ನಡುವೆ ಸುಮ್ಮನಾಗಿತ್ತು, ಅಷ್ಟೇ. ಆ ನಮೂನೆಯ ಹಾಡು ನಡುವೆ ಸುಮ್ಮನಾಗಲೇಬೇಕು. ಟ್ರ್ಯಾಕ್ಟರ್ ಮಾರುತಿ ಗಾಬರಿಬಿದ್ದು, ಛಲೋ ನಡೆದಿದ್ದ ಜನರೇಟರನ್ನು ತಾನೇ ಬಂದ್ ಮಾಡಿದ. ಆದದ್ದು ಇಷ್ಟು. ಉಳಿದದ್ದೆಲ್ಲ ಜನ ಆಮೇಲೆ ಹಚ್ಚಿಕೊಂಡು ಹೇಳಿದ್ದು.

ಮೊನ್ನೆ ಘಟಪ್ರಭಾ ಸ್ಟೇಷನ್ ಮುಂದೆ ಗೋಕಾಕ ಬಸ್ಸಿಗೆ ನಿಂತಿದ್ದೆ. ಬಾಜೂಕ್ಕೆ ಒಬ್ಬಾತ ಡಬ್ಬಿಯಿಂದ ಟ್ರ್ಯಾಕ್ಟರಿಗೆ ಡೀಸೆಲ್ ಸುರುವುತ್ತಿದ್ದ. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಹೋದ ವರ್ಷದ ಬೇಸಿಗೆ ಪೂರಾ ಎದ್ದು ಬಂತು. ನಿಂತಲ್ಲೇ ನಕ್ಕೆ. ಹತ್ತಿರ ನಿಂತಿದ್ದ ಹೆಣ್ಣುಮಗಳು ನನ್ನ ಮಾರಿ ನೋಡಿ ಸ್ವಲ್ಪ ದೂರ ಸರಿದಳು. ಸರಿಯಲಿ. ಅವಳಿಗೆ ಆ ಬೇಸಿಗೆ ಗೊತ್ತಿಲ್ಲ.

ನಾವು ಘೋಡಗೇರಿಯವರು. ಸುಜಾತಾ ನನ್ನ ಹಿರಿಮಗನ ಮಗಳು. ಗೋಕಾಕದಲ್ಲಿ ಡಿಪ್ಲೊಮಾ ಮುಗಿಸಿ ಅಲ್ಲೇ ಬಸ್ ಸ್ಟ್ಯಾಂಡ್ ಹತ್ತಿರ ಸೌಂಡ್ ಸಿಸ್ಟಮ್ ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಸ್ಪೀಕರ್ ಪೆಟ್ಟಿಗೆ ಬಿಚ್ಚುವುದು, ವಾಯರ್ ಬೆಸೆಯುವುದು, ಸುಟ್ಟ ಕಾಯಿಲ್ ತೆಗೆದು ಹೊಸದು ಹಾಕುವುದು. ಹಾಗೆ ರಿಪೇರಿ ಮಾಡುತ್ತ ಮಾಡುತ್ತ ಬಾರಿಸುವುದನ್ನೂ ಕಲಿತಳು. ಅಂಗಡಿಯ ಮಾಲಕ ಒಳ್ಳೆಯ ಮನುಷ್ಯ, ಖಾಲಿ ದಿನ ಪೆಟ್ಟಿಗೆಗಳನ್ನು ಬಾಡಿಗೆಗೆ ಒಯ್ಯಲು ಬಿಡುತ್ತಿದ್ದ.

ನಮ್ಮ ಕಡೆ ಮಾತಿಲ್ಲದ ಹಾಡಿಗೆಲ್ಲ ಒಂದೇ ಹೆಸರು: ಟ್ರಾನ್ಸ್. ಯಾರದೇ ಟ್ರ್ಯಾಕ್ಟರ್ ಹಿಂದೆ ಪೆಟ್ಟಿಗೆ ಪೇರಿಸಿ ಧಡ್ ಧಡ್ ಅನಿಸಿದರೆ ಹುಡುಗರು ಅಂಗಿ ಬಿಚ್ಚಿ ಕೂಗುತ್ತಾರೆ, "ಏ ಟ್ರಾನ್ಸ್ ಹಚ್ಚೋ!" ಈ ಮಾತು ಕೇಳಿದರೆ ಸುಜಾತಾಗೆ ಮೈ ಉರಿಯುತ್ತಿತ್ತು. "ಯಾವ ಟ್ರಾನ್ಸ್? ಅದರಾಗ ಎಷ್ಟ ನಮೂನಿ ಅದಾವ ಗೊತ್ತೇನ?" ಅನ್ನುವಳು. ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ. ನನ್ನ ಪಾಲಿಗೆ ಅದು ಎದೆಯೊಳಗೆ ಯಾರೋ ಒನಕೆ ಹಾಕುವ ಸಪ್ಪಳ.

ಆಕೆಗೆ ಇದ್ದದ್ದು ಒಂದೇ ಹಟ. ಮೂಡಲಗಿಯಲ್ಲಿ ಬಾಬಾಸಾಹೇಬರ ಜಯಂತಿ ಮೆರವಣಿಗೆ ದೊಡ್ಡದಾಗಿ ಆಗುತ್ತದೆ, ಅದಕ್ಕೆ ತಾನು ಬಾರಿಸಬೇಕು. ಮೂಡಲಗಿ ನನ್ನ ತವರು. ಅಲ್ಲಿಯ ಜಯಂತಿ ಕಮಿಟಿಗೆ ನನ್ನ ತಮ್ಮನ ಮಗ ಪರಸಪ್ಪನೇ ಹಿರಿಯ. ಪ್ರತಿ ವರ್ಷ ಸಾಂಗ್ಲಿ ಕಡೆಯಿಂದ ಡಿಜೆ ಸೆಟ್ ತರಿಸುತ್ತಿದ್ದ. ಸುಜಾತಾ ಹೋಗಿ ಕೇಳಿದಾಗ ಅವನು ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. "ಹುಕ್ಕೇರ್ಯಾಗ ನಮ್ಮ ಬೀಗರ ಮದವಿ ಐತಿ. ಅಲ್ಲಿ ಬಾರಿಸಿ ತೋರ್ಸು. ಆಮ್ಯಾಲ ನೋಡೂಣಂತ" ಎಂದ.

ಹೀಗೆ ಆ ಮದುವೆ ಬಂತು. ಬೇಸಿಗೆಯ ಬಿಸಿಲು ಆಗಲೇ ಏರಿತ್ತು. ಸಂಜೆ ವರಾತ, ಮದುಮಗನ ಮೆರವಣಿಗೆ, ಹೊರಟಿತು. ಮುಂದೆ ನಮ್ಮೂರ ಮಾರುತಿಯ ಟ್ರ್ಯಾಕ್ಟರ್, ಅದರ ಟ್ರೇಲರಿನ ಹಿಂಭಾಗದಲ್ಲಿ ಗೋಡೆ ಕಟ್ಟಿದಂತೆ ಪೆಟ್ಟಿಗೆ. ಗೋಡೆಯ ಮುಂದೆ, ಡ್ರೈವರ್ ಬೆನ್ನಿಗೆ, ಜನರೇಟರ್ ಮತ್ತು ಸುಜಾತಾ. ಗೋಡೆಯ ಹಿಂದೆ ರಸ್ತೆಯಲ್ಲಿ ಕುಣಿಯುವವರು, ಅವರ ಹಿಂದೆ ಹೂವಿನ ಜೀಪಿನಲ್ಲಿ ಮದುಮಗ. ನಾನು ಹೆಂಗಸರ ಜೊತೆ ಅಂಚಿಗೆ ನಡೆಯುತ್ತಿದ್ದೆ. ಮೊದಲು ಎಲ್ಲ ಛಲೋ ನಡೆಯಿತು. ಪರಸಪ್ಪ ಕೂಡ ಒಂದು ಕೈ ಎತ್ತಿ ಕುಣಿದಂತೆ ಮಾಡಿದ.

ಆಮೇಲೆ ಸುಜಾತಾ ಒಂದು ಹಾಡು ಹಚ್ಚಿದಳು. ಏರುತ್ತ ಏರುತ್ತ ಹೋಯಿತು, ಹುಡುಗರು ನೆಲ ಬಿಟ್ಟು ಜಿಗಿದರು, ಮತ್ತು ಪಟ್ಟನೆ ಡೋಲು ನಿಂತಿತು. ಪೂರಾ ನಿಂತಿರಲಿಲ್ಲ, ಸಣ್ಣಗೆ, ದೂರದಲ್ಲಿ ಯಾರೋ ಅತ್ತಂತೆ ಒಂದು ರಾಗ ಇತ್ತು. ಆದರೆ ಅಷ್ಟು ಹೊತ್ತು ಆ ಪೆಟ್ಟಿಗೆಗಳ ಎದುರಿಗೇ ಕುಣಿದವರ ಕಿವಿಗೆ ಅದು ಎಲ್ಲಿ ಕೇಳಬೇಕು? "ಬಂದ್ ಬಿತ್ತು! ಬಂದ್ ಬಿತ್ತು!" ಎಂದು ಕೂಗೆದ್ದಿತು. ಮಾರುತಿ ಹೊಸ ಬಿಳಿ ಪ್ಯಾಂಟ್ ಹಾಕಿಕೊಂಡು ಬಂದಿದ್ದ. ಡೀಸೆಲ್ ಡಬ್ಬಿ ಹಿಡಿದು ಸೀಟಿನಿಂದ ಟ್ರೇಲರಿಗೆ ಹಾರಿದ. ಅವನ ಕಿವಿಯೂ ಕಿವುಡಾಗಿತ್ತು. ಜನರೇಟರ್ ಓಡುತ್ತಿರುವುದೇ ಅವನಿಗೆ ಕೇಳಲಿಲ್ಲ.

"ಬಂದ್ ಆಗಿಲ್ಲೋ ಕಾಕಾ, ಅದು ಹಂಗ ಐತಿ! ಈಗ ಬರತೈತಿ!" ಸುಜಾತಾ ಚೀರಿದಳು.

"ಸರಿ ಬಾಜೂಕ್ಕ!" ಎಂದವನೇ ಸ್ವಿಚ್ ಹೊಡೆದು, ಮುಚ್ಚಳ ತೆಗೆದು, ಡಬ್ಬಿ ಬಗ್ಗಿಸಿದ. ಟಾಕಿ ತುಂಬಿಯೇ ಇತ್ತು. ಡೀಸೆಲ್ ಉಕ್ಕಿ ಅವನ ಬಿಳಿ ಪ್ಯಾಂಟಿಗೆ ಇಳಿಯಿತು. ಡೋಲು ಮತ್ತೆ ಬೀಳಬೇಕಾದ ಆ ಹೊತ್ತಿಗೆ ಸರಿಯಾಗಿ ಎಲ್ಲ ಸತ್ತಂತೆ ಸುಮ್ಮನಾಯಿತು. ಜನ ಮೊದಲು ಮಾರುತಿಯ ಪ್ಯಾಂಟ್ ನೋಡಿ ನಕ್ಕರು. ಅವನು ಆ ನಗುವನ್ನು ಬೆರಳು ಮಾಡಿ ಸುಜಾತಾ ಕಡೆಗೆ ತಿರುಗಿಸಿದ. "ನನ್ನ ಕಡೆ ಏನ್ ನೋಡ್ತೀರಿ? ಅಕಿಗೆ ಹಾಡ ನಡಸಾಕ ಬರೂದಿಲ್ಲ!" ಮದುಮಗನ ಸೋದರಮಾವ ಬ್ಯಾಂಡಿನವರನ್ನು ಕರೆಸಿದ. ನಮ್ಮ ಟ್ರೇಲರನ್ನು ಒಂದು ಬೇವಿನ ಗಿಡದ ಕೆಳಗೆ ಸರಿಸಿ ನಿಲ್ಲಿಸಿದರು.

ನಾನು ಊಟ ಮಾಡಿದೆ. ಮದುವೆ ಊಟ ಬಿಡುವ ಪೈಕಿ ನಾನಲ್ಲ. ಸುಜಾತಾ ಮಾಡಲಿಲ್ಲ.

ಊರಿಗೆ ಬಂದಮೇಲೆ ಸುರುವಾಯಿತು. ಆಕೆ ಬಸ್ಸಿಗೆ ನಿಂತರೆ, "ಏ ಸುಜಾ, ಡೀಸೆಲ್ ಐತೇನ?" ಹಾಲಿಗೆ ಹೋದರೆ, "ಡೀಸೆಲ್ ಬಾಯಿ ಬಂದ್ಲು, ದಾರಿ ಬಿಡ್ರಿ." ಒಂದು ಮುಂಜಾನೆ ಎದ್ದು ನೋಡಿದರೆ ನಮ್ಮ ಬಾಗಿಲ ಚಿಲಕಕ್ಕೆ ಖಾಲಿ ಡೀಸೆಲ್ ಡಬ್ಬಿ ಜೋತಾಡುತ್ತಿತ್ತು. ಹಳದಿ ಡಬ್ಬಿ, ಹಿಡಿಕೆಗೆ ಕೆಂಪು ದಾರ. ಮಾರುತಿಯದು ಎಂದು ಇಡೀ ಊರಿಗೆ ಗೊತ್ತು. ಸುಜಾತಾ ಅದನ್ನು ಬೀಸಾಡಲು ಹೋದಳು. ನಾನು ಕಸಿದುಕೊಂಡು ಹಿತ್ತಲಲ್ಲಿ ಇಟ್ಟೆ. ಡಬ್ಬಿ ಗಟ್ಟಿ ಇತ್ತು, ಯಾಕೆ ಬೀಸಾಡಬೇಕು?

ಆ ದಿನ ಆಕೆ ಹಾಡು ನಡೆಸುವ ಮಿಕ್ಸರನ್ನು ಗೋಣಿಚೀಲದಲ್ಲಿ ಸುತ್ತಿ ಬಾಯಿ ಹೊಲಿದಳು. "ಸೋಮಾರ ಇದನ್ನ ಅಂಗಡ್ಯಾಗ ಕೊಟ್ಟ ಬರ್ತೇನಿ ಆಯಿ. ಸಾಕು. ರಿಪೇರಿ ಅಷ್ಟ ಮಾಡ್ಕೊಂಡ ಇರ್ತೇನಿ. ಮೂಡಲಗಿ ಮಾಮಾಗೂ ಫೋನ್ ಮಾಡಿ ಹೇಳ್ತೇನಿ, ಸಾಂಗ್ಲಿಯವರನ್ನ ಕರಸ್ರಿ ಅಂತ."

"ಅಳೂದಿದ್ರ ಅತ್ತ ಮುಗಸು" ಎಂದೆ. "ಮುಗದ ಮ್ಯಾಲ ನನಗೊಂದು ಹೇಳು. ಅದ್ಯಾಕ ನಡುವ ಸುಮ್ಮನಾತು? ಕೆಟ್ಟಿರಲಿಲ್ಲ ಅಂತ ನೀ ಅಂತಿ. ಕೆಡಲಾರದ ಯಾಕ ಸುಮ್ಮನಾಗಬೇಕು?"

ಆಕೆ ಮೂಗು ಒರೆಸಿಕೊಂಡು ನನ್ನ ಮಾರಿ ನೋಡಿದಳು. ಹುಕ್ಕೇರಿಯ ಆ ಮದುವೆಯಿಂದ ಈಚೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ.

ಪಾಠ ಆದದ್ದು ಪದ್ಮವ್ವನ ಮಾಳಿಗೆಯ ಮೇಲೆ. ಪದ್ಮವ್ವ ನಮ್ಮ ಓಣಿಯ ತುದಿಯ ಜೈನರ ಮನೆಯಾಕೆ. ಅವಳ ಹತ್ತಿರ ಕೈಯಿಂದ ತಿರುಗಿಸುವ ಶಾವಿಗೆ ಮಷೀನ್ ಇದೆ. ಬೇಸಿಗೆ ಬಂತೆಂದರೆ ನಾನು ತಿರುಗಿಸುವುದು, ಅವಳು ಎಳೆ ಹಿಡಿದು ಕೋಲಿಗೆ ಹಾಕಿ ಒಣಗಿಸುವುದು, ಎರಡೂ ಮನೆಗೆ ವರ್ಷದ ಶಾವಿಗೆ. ಸುಜಾತಾ ಗೋಣಿಚೀಲದ ಹೊಲಿಗೆ ಬಿಚ್ಚಲಿಲ್ಲ. ಫೋನಿಗೆ ಒಂದು ಸಣ್ಣ ಸ್ಪೀಕರ್ ಜೋಡಿಸಿ ಹಿಟ್ಟಿನ ಪರಾತದ ಬಾಜೂ ಇಟ್ಟಳು.

"ಆಯಿ, ಕಿವಿ ಬಿಡು. ನಿನ್ನ ಕೈ ಏನ್ ಮಾಡಾಕತ್ತೈತಿ ಅಷ್ಟ ನೋಡು."

ಮೊದಲು ಹಚ್ಚಿದ್ದು ಸಾವಕಾಶದ್ದು. ಏನೂ ಆಗಲೇ ಇಲ್ಲ ಅನಿಸಿತು. ಒಂದು ಸಪ್ಪಳ ನಡೆದಿರುತ್ತದೆ, ಅದರ ಮೇಲೆ ಇನ್ನೊಂದು ಬಂದು ಕೂಡುತ್ತದೆ, ಅದು ಯಾವಾಗ ಬಂತು ತಿಳಿಯುವುದಿಲ್ಲ. ಹೊಲಕ್ಕೆ ಕಾಲುವೆ ನೀರು ಬಿಟ್ಟು ಬದುವಿನ ಮೇಲೆ ಕೂತಾಗ ಹೀಗೇ. ನೀರು ಬರುವುದು ಕಾಣುವುದಿಲ್ಲ, ನೋಡಿದರೆ ಕಾಲು ತೊಯ್ದಿರುತ್ತದೆ. ನನ್ನ ಕೈ ಒಂದೇ ಸಮ ತಿರುಗಿತು, ಶಾವಿಗೆ ಉದ್ದಕ್ಕೆ, ಒಂದೂ ಹರಿಯದೆ ಇಳಿಯಿತು.

"ಇದು ಪ್ರೋಗ್ರೆಸಿವ್" ಎಂದಳು.

"ಇದು ಕಾಲಿವಿ" ಎಂದೆ ನಾನು.

ಎರಡನೆಯದು ಸೈಟ್ರಾನ್ಸ್ ಅಂತೆ. ಒಂದು ದೊಡ್ಡ ಏಟು, ಅದರ ಬೆನ್ನಿಗೆ ಮೂರು ಸಣ್ಣವು, ಬಿಡದೆ: ಧಡ್‌ಗುದುಗುದುಗು, ಧಡ್‌ಗುದುಗುದುಗು. ಮೇಲೆ ಏನೇನೋ ಚಿಯ್ಯ್, ಪುಯ್ಯ್ ಅಂತ ಒರಲುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬಾರದು. ನದಿ ದಂಡೆಯ ಹಳೆಯ ಡೀಸೆಲ್ ಪಂಪ್‌ಸೆಟ್ ಸಪ್ಪಳ ಕೇಳಿದವರಿಗೆ ಇದನ್ನು ಹೇಳಿಕೊಡುವುದೇ ಬೇಡ. ನನ್ನ ಕೈ ಹುಚ್ಚೆದ್ದು ತಿರುಗಿ ಎಳೆಗಳು ತುಂಡಾಗಿ ಬಿದ್ದವು.

"ಅಗ ಬಾಯಿ!" ಪದ್ಮವ್ವ ಕೋಲು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಇದ ಶಾವಿಗೀನೋ, ದನಕ್ಕ ಹಾಕೂ ಕಣಕಿನೋ? ಶಾಂತವ್ವಾ, ನನ್ನ ಬೀಪಿ ಏರಾಕತ್ತೈತಿ, ಆ ಕಾಲಿವಿ ಹಚ್ಚಸು."

ಮೂರನೆಯದು ಗೋವಾ ಟ್ರಾನ್ಸ್. ಅದು ಪಂಪ್‌ಸೆಟ್ಟಿನ ಅವ್ವ ಎಂದಳು ಸುಜಾತಾ, ಪಂಪ್‌ಸೆಟ್ ಹುಟ್ಟಿದ್ದೇ ಅದರಿಂದ. ಇವೆರಡನ್ನು ಬೇರೆ ಮಾಡುವುದೇ ಕಷ್ಟವಾಯಿತು. ನಾಲ್ಕಾರು ದಿನ ತಾಯಿ ಬಂದರೆ ಮಗಳು ಎನ್ನುತ್ತಿದ್ದೆ, ಮಗಳು ಬಂದರೆ ತಾಯಿ. ಕೊನೆಗೆ ಹಿಡಿದೆ. ಪಂಪ್‌ಸೆಟ್ಟಿನಲ್ಲಿ ಕೆಳಗಿನ ಗುದುಗುದುವೇ ಯಜಮಾನ, ಮೇಲಿನದು ಬರೀ ಹೊಗೆ. ಗೋವಾದ್ದರಲ್ಲಿ ಮೇಲಿನ ರಾಗಗಳೇ ಯಜಮಾನರು. ಒಂದು ಎಳೆ ಬರುತ್ತದೆ, ಅದರ ಮೇಲೆ ಇನ್ನೊಂದು ದಾಟುತ್ತದೆ, ಮೂರನೆಯದು ಕೆಳಗಿನಿಂದ ನುಸುಳುತ್ತದೆ, ಜಡೆ ಹೆಣೆದಂತೆ. ಕೈ ಓಡುತ್ತದೆ, ಆದರೆ ತುಂಡಾಗುವುದಿಲ್ಲ. ಮೈ ಅತ್ತ ಇತ್ತ ತೂಗುತ್ತದೆ. ಪದ್ಮವ್ವನ ಕತ್ತು ಕೂಡ ತೂಗಿತು. ನೋಡಿಬಿಟ್ಟೆ ಎಂದು ಗೊತ್ತಾದ ಕೂಡಲೇ ಸೆರಗು ಸರಿಮಾಡಿಕೊಂಡಳು.

ಒಂದು ಸಲ ಸುಜಾತಾ ನನಗೆ ಮೋಸ ಮಾಡಿದಳು. ಜೋರಾಗಿ ಓಡುವ ಒಂದನ್ನು ಹಚ್ಚಿದಳು. "ಪಂಪಸೆಟ್ಟು!" ಎಂದೆ.

"ಯಾಕ?"

"ಕಾಣಂಗಿಲ್ಲೇನ, ಓಡಾಕತ್ತೈತಿ."

"ಕಾಲಿವೀನ ಅದು. ನಾ ಜೋರ ಮಾಡೇನಿ. ಎಮ್ಮಿ ಓಡಿಸಿದ್ರ ಕುದರಿ ಆಕ್ಕೈತೇನ ಆಯಿ?"

ಪದ್ಮವ್ವ ನಕ್ಕು ಒಂದು ಕೋಲು ಶಾವಿಗೆ ನೆಲಕ್ಕೆ ಕೆಡವಿದಳು. ಅಂದಿನಿಂದ ಓಟ ನೋಡಿ ಹೆಸರಿಡುವುದು ಬಿಟ್ಟೆ. ನಡುವೆ ಹೆಂಗಸಿನ ದನಿ ಬಂದರೂ ಬೇರೆ ನಮೂನೆ ಎಂದು ತಪ್ಪು ಹೇಳುತ್ತಿದ್ದೆ. "ಅಕಿ ದನಿಗೆ ಮರುಳಾಗಬ್ಯಾಡ" ಎಂದಳು ಸುಜಾತಾ. "ಅಕಿ ಎಲ್ಲಾರ ಮನಿಗೂ ಊಟಕ್ಕ ಹೋಗ್ತಾಳ. ಅಕಿ ಕೆಳಗ ಏನ್ ನಡದೈತಿ, ಅದನ್ನ ಹಿಡಿ."

ಕೊನೆಗೆ ಒಂದು ದಿನ ಆ ಮದುವೆಯ ಹಾಡನ್ನೇ ಹಚ್ಚಿದಳು. ಅಪ್‌ಲಿಫ್ಟಿಂಗ್. ಏರಿತು, ಏರಿತು, ಡೋಲು ನಿಂತಿತು. ನನ್ನ ಕೈಯೂ ನಿಂತಿತು. ಆ ಸಣ್ಣ ರಾಗ ಈಗ ಕೇಳಿಸಿತು. ಗುಡ್ಡ ಹತ್ತಿ ಮೇಲೆ ನಿಂತಂತೆ, ಗಾಳಿ ಬಡಿದಂತೆ, ಕೆಳಗೆ ಊರೆಲ್ಲ ಕಂಡಂತೆ. ನಿಂತೇ ಇದ್ದೆವು. ಆಮೇಲೆ ಡೋಲು ಒಂದೊಂದೇ ಹೆಜ್ಜೆ ಹತ್ತಿರ ಬಂದು ಒಮ್ಮೆಲೇ ಬಿತ್ತು, ಗುಡ್ಡದಿಂದ ಓಡಿ ಇಳಿದಂತೆ. ಪದ್ಮವ್ವ ಎದೆಗೆ ಕೈ ಇಟ್ಟುಕೊಂಡಳು. ಈ ಸಲ ಬೀಪಿಯ ಮಾತು ಆಡಲಿಲ್ಲ.

ನನಗೆ ನಮ್ಮಪ್ಪ ನೆನಪಾದ. ಮೂಡಲಗಿಯಲ್ಲಿ ನಮ್ಮಪ್ಪ ಹಲಗೆ ಬಾರಿಸಿ ಡಂಗುರ ಹೊಡೆಯುತ್ತಿದ್ದ. ಓಣಿ ಮೂಲೆಗೆ ನಿಂತು ಹಲಗೆ ಬಾರಿಸುವುದು, ಜನ ಹೊರಗೆ ಬಂದ ಮೇಲೆ ಪಟ್ಟನೆ ನಿಲ್ಲಿಸುವುದು, ಆ ಮೌನದೊಳಗೆ ಕೂಗಿ ಹೇಳುವುದು. ಡಂಗುರದ ಹಲಗೆ ನಿಂತರೆ ಮಾತು ಬರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು.

"ಈಗ ತಿಳೀತ" ಎಂದೆ. "ಡೋಲ ನಿಂತಾಗ ಯಾರರ ಮಾತಾಡಬೇಕಿತ್ತು. ಹುಕ್ಕೇರ್ಯಾಗ ಮಾತ ಬರಲಿಲ್ಲ, ಡೀಸೆಲ್ ಬಂತು. ಹಾಡಿಂದ ತಪ್ಪಿಲ್ಲ. ನಿಂದೂ ಇಲ್ಲ. ಜಾಗಾ ತಪ್ಪು. ಆ ಪೆಟಗಿ ಗ್ವಾಡಿ ಆಕಡೆ ಯಾರ ಅದಾರ, ಏನ್ ಮಾಡಾಕತ್ತಾರ, ನಿನಗ ಕಾಣೂದಿಲ್ಲ."

"ಮತ್ತ ಏನ್ ಮಾಡ್ಲಿ?"

"ಚೀಲ ಬಿಚ್ಚು. ನೋಡೂ ಕೆಲಸ ನಾ ಮಾಡ್ತೇನಿ."

ಮರುದಿನ ಮೂಡಲಗಿ ಬಸ್ ಹತ್ತಿದೆ. ಪರಸಪ್ಪ ಚಹಾ ಕೊಟ್ಟ, ಕುರ್ಚಿ ಕೊಟ್ಟ, ಮಾತು ಮಾತ್ರ ಕೊಡಲಿಲ್ಲ.

"ಅತ್ತಿ, ಖರೆ ಹೇಳ್ಲಿ? ಬಂದ್ ಬಿದ್ದದ್ದ ಒಂದ ಮಾತಲ್ಲ. ನಮ್ಮ ಮುತ್ಯಾ ಓಣಿ ಓಣಿ ಬಾರಿಸಿದ್ದು ಸಾಕಾತು. ಹಲಗಿ ಹೊಳಿಗೆ ಹಾಕಿ ಬಂದವರು ನಾವು. ಮತ್ತ ನಮ್ಮ ಮನಿ ಹುಡುಗಿ ರಸ್ತೇದಾಗ ಕುಂತ ಬಾರಸೂದು ನನಗ ಬ್ಯಾಡ ಅನಸತೈತಿ. ರೊಕ್ಕ ಕೊಡ್ತೇವಿ, ಹೊರಗಿನವರು ಬಂದು ಬಾರಸ್ಲಿ, ನಾವು ಕುಣಿಯೂಣು."

ಈ ಮಾತಿಗೆ ನಾನು ತಯಾರಿರಲಿಲ್ಲ. ಅವನು ಹಟಮಾರಿ ಎಂದುಕೊಂಡಿದ್ದೆ, ಅವನೊಳಗೆ ಇಂಥದ್ದೊಂದು ಕೂತಿದೆ ಎಂದುಕೊಂಡಿರಲಿಲ್ಲ. ಚಹಾ ಪೂರಾ ಕುಡಿದು ಬಸಿ ಕೆಳಗಿಟ್ಟೆ.

"ನಿನ್ನ ಮುತ್ಯಾ ನನ್ನಪ್ಪ. ನಿನಗಿಂತ ನಾ ಹೆಚ್ಚಿಗೆ ನೋಡೇನಿ. ಅವ ಹಲಗಿ ನಿಂದರಿಸಿ ಏನ್ ಕೂಗ್ತಿದ್ದ? ಗೌಡ ಹೇಳಿದ್ದು. ತನ್ನದಂತ ಒಂದ ಮಾತ ಕೂಗಲಿಲ್ಲ. ಬಾರಸೂದು ತಪ್ಪಲ್ಲೋ ಪರಸಪ್ಪ. ಬಾರಿಸಿದ ಮ್ಯಾಲ ಯಾರ ಮಾತ ಹೇಳ್ತಿ, ಅದರಾಗ ಐತಿ. ಅಕಿ ಬಾರಸ್ತಾಳ. ನಡುವ ನಿಂದರಸ್ತಾಳ. ಮಾತ ನಾವ ಹೇಳೂಣು."

ಅವನು ನನ್ನ ಖಾಲಿ ಬಸಿ ಎತ್ತಿ ಬಾಜೂ ಇಟ್ಟ. ಆಮೇಲೆ, "ಮತ್ತ ಬಂದ್ ಬಿದ್ರ?" ಎಂದ.

"ಬೀಳೂದಿಲ್ಲ."

"ಬಿದ್ರ, ಅತ್ತಿ? ಸಾಂಗ್ಲಿಯವರನ್ನ ಸರ್ಕಲ್ ಬಾಜೂಕ್ಕ ನಿಂದರಸ್ತೇನಿ. ಒಂದ ಸಲ ಗದ್ಲ ಆತಂದ್ರ, ನಾ ಕೈ ಮಾಡ್ತೇನಿ, ಅವರು ಸುರು ಮಾಡ್ತಾರ. ಆಮ್ಯಾಲ ನನ್ನ ಕೂಡ ಜಗಳ ತಗೀಬ್ಯಾಡ್ರಿ."

"ನಿಂದರಸು" ಎಂದೆ. "ಅವರೂ ನೋಡ್ಲಿ."

ಉಪಾಯ ಸರಳ. ಆ ಗದ್ದಲದಲ್ಲಿ ಫೋನ್ ಕೇಳುವುದಿಲ್ಲ. ಜಯಂತಿಯಲ್ಲಿ ನೀಲಿ ಧ್ವಜ ಎಲ್ಲರ ಕೈಯಲ್ಲೂ ಇರುತ್ತದೆ. ನನ್ನದನ್ನು ಉದ್ದ ಬಿದಿರಿಗೆ ಕಟ್ಟಿದರೆ ಪೆಟ್ಟಿಗೆ ಗೋಡೆಯ ಆಚೆ ಕೂತ ಸುಜಾತಾಗೆ ಕಾಣುತ್ತದೆ. ಧ್ವಜ ಹೆಗಲ ಮೇಲೆ ಓರೆ ಇದ್ದರೆ ಕಾಲುವೆ. ಜೋರಾಗಿ ಅಲ್ಲಾಡಿಸಿದರೆ ಪಂಪ್‌ಸೆಟ್. ಸಣ್ಣಗೆ ತೂಗಿದರೆ ಜಡೆ. ನೆಟ್ಟಗೆ ಮೇಲೆತ್ತಿ ಹಿಡಿದರೆ ಗುಡ್ಡ. ಹಿತ್ತಲಲ್ಲಿ ಇದನ್ನು ತಾಲೀಮು ಮಾಡುವಾಗ ನಮ್ಮ ಎಮ್ಮೆ ಬೆದರಿ ಗೂಟ ಕಿತ್ತಿತು. ಅಷ್ಟು ಜೋರಾಗಿ ಅಲ್ಲಾಡಿಸುತ್ತಿದ್ದೆ.

ಜಯಂತಿಯ ದಿನ ಮಧ್ಯಾಹ್ನದ ಬಿಸಿಲಲ್ಲಿ ಮೂಡಲಗಿಯ ಟಾರು ಮೆತ್ತಗಾಗಿತ್ತು. ಹೆಂಗಸರೆಲ್ಲ ಬಿಳಿ ಸೀರೆ. ಬುದ್ಧವಂದನೆಯ ತ್ರಿಸರಣ ಹೇಳಿದ ಮೇಲೆ ಮೆರವಣಿಗೆ ಹೊರಟಿತು. ಟ್ರ್ಯಾಕ್ಟರ್ ಮಾರುತಿಯದೇ, ಸುತ್ತಿನಲ್ಲಿ ಆ ಭಾರ ಎಳೆಯುವ ಟ್ರ್ಯಾಕ್ಟರ್ ಅವನದೊಂದೇ ಖಾಲಿ ಇತ್ತು. ಈ ಸಲ ಹಳೆಯ ಕರಿ ಪ್ಯಾಂಟ್ ಹಾಕಿಕೊಂಡು ಬಂದಿದ್ದ.

"ಲೇ ಮಾರುತ್ಯಾ" ಎಂದೆ, "ನಿನ್ನ ಎರಡೂ ಕೈ ಸ್ಟೇರಿಂಗ್ ಮ್ಯಾಲ ಇರಬೇಕು. ಆಕಾಶ ಹರದ ಬಿದ್ರೂ ಜನರೇಟರ್ ಕಡೆ ತಿರಗಬ್ಯಾಡ."

"ಆಯಿ, ಡಬ್ಬಿ ತಂದಿಲ್ಲೇಳ್ರಿ. ಅದು ನಿಮ್ಮ ಮನ್ಯಾಗ ಐತಿ" ಎಂದು ಹಲ್ಲು ಬಿಟ್ಟ. ಸುತ್ತಲಿನವರೆಲ್ಲ ನಕ್ಕರು. ಸುಜಾತಾ ಮಾರಿ ತಗ್ಗಿಸಿ ವಾಯರ್ ನೋಡಿಕೊಳ್ಳುತ್ತಿದ್ದಳು. ನಾನು ಕಿವಿಗೆ ಹತ್ತಿ ತುರುಕಿಕೊಂಡು, ಪೆಟ್ಟಿಗೆ ಗೋಡೆಯ ಹಿಂದೆ, ರಸ್ತೆಯ ಅಂಚಿಗೆ ನಿಂತೆ.

ಆಸ್ಪತ್ರೆ ಇದ್ದ ಓಣಿಯಲ್ಲಿ, ಪೇಟೆಯ ಇಕ್ಕಟ್ಟಿನಲ್ಲಿ ನಾನು ಧ್ವಜವನ್ನು ಹೆಗಲಿನಿಂದ ಇಳಿಸಲಿಲ್ಲ. ಕಾಲುವೆ ನಡೆದಿತ್ತು, ಸಣ್ಣಗೆ. ಧ್ವಜದ ಗುಟ್ಟು ಹುಡುಗರಿಗೆ ಆಗಲೇ ತಿಳಿದಿತ್ತು, ತಡೆಯಲಾಗಲಿಲ್ಲ.

"ಏ ಆಯಿ, ಅಲ್ಲಾಡ್ಸರಿ! ಕೈಗೆ ಏನಾಗೈತಿ?"

"ಆಚೆ ಬಾಜೂ ಹಸಿ ಬಾಣಂತ್ಯಾರ ಅದಾರ, ಈಚೆ ಬಾಜೂ ಗಾಜಿನ ಬಳಿ ಅಂಗಡಿ. ಒಂದ ಬಳಿ ಒಡದ್ರ ನಿಮ್ಮವ್ವ ಕೊಡ್ತಾಳೇನ? ನಡೀರಿ ಮುಂದ!"

ರಸ್ತೆ ಅಗಲವಾದ ಕೂಡಲೇ ಬಿದಿರು ಅಲ್ಲಾಡಿಸಿದೆ. ಪಂಪ್‌ಸೆಟ್ ಬಿತ್ತು ನೋಡಿ! ಹುಡುಗರು ಧೂಳೆಬ್ಬಿಸಿದರು. ನೀಲಿ ಗುಲಾಲು ಹಾರಿ ನನ್ನ ಬಿಳಿ ಸೀರೆ ಕೆಟ್ಟಿತು. ಬಹಳ ಹೊತ್ತು ನಡೆಯಿತು ಅದು. ನನ್ನ ರೆಟ್ಟೆ ಸೋತವು. ಧ್ವಜ ನನ್ನ ಮಾತು ಕೇಳದೆ ಸಣ್ಣಗೆ ಅತ್ತ ಇತ್ತ ತೂಗತೊಡಗಿತು. ನಾನು ಜೋರಾಗಿಯೇ ಅಲ್ಲಾಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಕಾಲ ಕೆಳಗಿನ ಗುದುಗುದು ಹಿಂದೆ ಸರಿಯಿತು, ಮೇಲೆ ಒಂದು ಎಳೆ ಬಂತು, ಅದರ ಮೇಲೆ ಇನ್ನೊಂದು ದಾಟಿತು.

ಜಡೆ! ಹತ್ತಿ ತುರುಕಿದ ಕಿವಿಗೂ ತಿಳಿಯಿತು. ಸುಜಾತಾ ತಪ್ಪು ಮಾಡಿದಳು ಎಂದುಕೊಂಡೆ. ಹಿಂದಕ್ಕೆ ತಿರುಗಿ ನೋಡಿದೆ. ಹುಡುಗರು ಸ್ವಲ್ಪ ತಬ್ಬಿಬ್ಬಾಗಿ ನಿಂತಿದ್ದರು. ಆದರೆ ಅವರ ಹಿಂದೆ, ಇಷ್ಟು ವರ್ಷ ಬರೀ ನಡೆದು ಬರುತ್ತಿದ್ದ ಬಿಳಿ ಸೀರೆಯ ಸಾಲು ತೂಗುತ್ತಿತ್ತು. ಮೊದಲು ಭುಜ, ಆಮೇಲೆ ಸೊಂಟ, ಆಮೇಲೆ ಕಾಲು. ಪರಸಪ್ಪನ ಹೆಂಡತಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಕುಣಿಯುತ್ತಿದ್ದಳು. ಹೆಂಗಸರು ಮುಂದೆ ಬಂದರು, ಹುಡುಗರು ಜಾಗ ಬಿಟ್ಟರು. ನನ್ನ ತವರಿನ ಜಯಂತಿಯಲ್ಲಿ ಹೆಣ್ಣುಮಕ್ಕಳು ಟ್ರ್ಯಾಕ್ಟರ್ ಹಿಂದೆ ಕುಣಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಅದನ್ನು ಮಾಡಿಸಿದ್ದು ನನ್ನ ಸೋತ ರೆಟ್ಟೆ. ಯಾರಿಗೂ ಹೇಳಲಿಲ್ಲ. ಬೇಕೆಂತಲೇ ತೂಗಿದೆ ಎಂದೇ ಹೇಳಿಕೊಂಡು ಬಂದಿದ್ದೇನೆ.

ಸಂಜೆ ಹೊತ್ತಿಗೆ ದೊಡ್ಡ ಸರ್ಕಲ್ ಬಂತು. ಸಾಂಗ್ಲಿಯವರ ಸೆಟ್ ಬಾಜೂಕ್ಕೆ ಲೈಟು ಹಚ್ಚಿಕೊಂಡು ತಯಾರು ನಿಂತಿತ್ತು. ಅದರ ಮುಂದೆ ಪರಸಪ್ಪ. ಎಲ್ಲ ಓಣಿಗಳ ಜನ ಅಲ್ಲಿ ಕೂಡಿದ್ದರು. ಮಾಳಿಗೆ ಮೇಲೆ, ಗೋಡೆ ಮೇಲೆ, ಬಸ್ಸಿನ ಮೇಲೆ. ನಾನು ಬಿದಿರನ್ನು ಎರಡೂ ಕೈಯಿಂದ ಹಿಡಿದು ನೆಟ್ಟಗೆ ಮೇಲೆತ್ತಿದೆ.

ಹಾಡು ಏರಿತು. ಏರಿತು. ಮತ್ತು ಡೋಲು ನಿಂತಿತು.

ಆ ಸಣ್ಣ ರಾಗ ಒಂದೇ. ಜನ ಕುಣಿಯುವುದು ಬಿಟ್ಟು ಒಬ್ಬರ ಮಾರಿ ಒಬ್ಬರು ನೋಡಿದರು. "ಬಂದ್..." ಎಂದು ಎಲ್ಲೋ ಒಂದು ದನಿ ಎದ್ದಿತು. ಮಾರುತಿ ಸೀಟಿನಲ್ಲಿ ಅರ್ಧ ತಿರುಗಿದ, ಅಂಚಿಗಿದ್ದ ನನ್ನ ಕಣ್ಣು ನೋಡಿ ಮತ್ತೆ ಮುಂದಕ್ಕೆ ತಿರುಗಿದ. ಎರಡೂ ಕೈ ಸ್ಟೇರಿಂಗ್ ಬಿಡಲಿಲ್ಲ. ಪರಸಪ್ಪನ ಕೈ ಸಾಂಗ್ಲಿಯವರ ಕಡೆಗೆ ಮೇಲೇಳತೊಡಗಿತು.

ನನ್ನ ದನಿ ಒಡಕು. ಹಾಡಿಗೆ, ಭಜನೆಗೆ ಎಂದೂ ಬಾಯಿ ಹಾಕಿದವಳಲ್ಲ. ಕಿವಿಯ ಹತ್ತಿ ಕಿತ್ತು ಬೀಸಾಡಿದೆ, ನಮ್ಮಪ್ಪ ಓಣಿ ಮೂಲೆಗೆ ನಿಂತು ಕೂಗುತ್ತಿದ್ದಂತೆ ಹೊಟ್ಟೆಯಿಂದ ಕೂಗಿದೆ:

"ಜೈ ಭೀಮ್!"

ಆಮೇಲೆ ಇಡೀ ಸರ್ಕಲ್ ಕೂಗಿತು. ಮಾಳಿಗೆ ಕೂಗಿತು, ಬಸ್ಸಿನ ಮೇಲಿನವರು ಕೂಗಿದರು. ಮತ್ತೆ ಕೂಗಿದೆ, ಮತ್ತೆ ಕೂಗಿದರು, ನನ್ನ ದನಿ ಆ ದನಿಯೊಳಗೆ ಮುಳುಗಿಹೋಯಿತು. ಅದರ ಅಡಿಯಿಂದ ಡೋಲು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿತ್ತು. ಜನರಿಗೆ ತಿಳಿಯಿತು, ಬರುತ್ತಿದೆ ಎಂದು. ಕೈ ಮೇಲೆತ್ತಿ ಕಾಯ್ದರು. ಸುಜಾತಾ ಇನ್ನಷ್ಟು ತಡೆದಳು, ಮತ್ತಷ್ಟು ತಡೆದಳು, ಮೊಂಡು ಹುಡುಗಿ, ನಮ್ಮ ಮನೆತನದ್ದೇ ಅದು, ಆಮೇಲೆ ಬಿಟ್ಟಳು. ಸರ್ಕಲ್ಲಿನ ನೆಲವೇ ಒಂದು ಸಲ ಎದ್ದು ಕೂತಂತಾಯಿತು. ಪರಸಪ್ಪನ ಕೈ ಮೇಲೆತ್ತಿದ್ದು ಮೇಲೆಯೇ ಇತ್ತು. ಸಾಂಗ್ಲಿಯವರನ್ನು ಕರೆಯಲು ಎತ್ತಿದ ಕೈಯಲ್ಲೇ ಕುಣಿಯುತ್ತಿದ್ದ. ಸಾಂಗ್ಲಿಯವರೂ ತಮ್ಮ ಗಾಡಿ ಬಿಟ್ಟು ಇಳಿದು ಕುಣಿಯುತ್ತಿದ್ದರು.

ಸುಜಾತಾ ಪೆಟ್ಟಿಗೆಯ ಮೇಲೆ ಹತ್ತಿ ನಿಂತಳು. ಆಗ ಆಕೆಗೆ ಗೋಡೆಯ ಆಚೆಯ ಜನವೆಲ್ಲ ಕಂಡರು, ಜನಕ್ಕೆ ಆಕೆ ಕಂಡಳು. "ಆಯಿ! ಗುಡ್ಡಾ!" ಎಂದು ನನಗೆ ಕೂಗಿದಳು. ನಾನು ಬಿದಿರನ್ನು ಯಾರದೋ ಕೈಗೆ ಕೊಟ್ಟು ಕಾಲುದಾರಿಯ ಕಟ್ಟೆಯ ಮೇಲೆ ಕೂತೆ. ಮೊಣಕಾಲು ನೋಯುತ್ತಿದ್ದವು.

ಪರಸಪ್ಪ ಬಂದು ಬಾಜೂ ಕೂತ. ಮೈಯೆಲ್ಲ ಬೆವರು, ನೀಲಿ. "ಅತ್ತಿ, ಬರೂ ವರ್ಷದ್ದೂ ಸುಜಾಗ ಹೇಳಿಬಿಡ್ಲಿ?" ಎಂದ.

"ನನ್ನ ಏನ್ ಕೇಳ್ತಿ, ಅಕಿನ್ನ ಕೇಳು. ಅಕಿಗೆ ಬ್ಯಾರೆ ಕಡೆ ಬಾಡಿಗಿ ಇದ್ರ?" ಎಂದೆ.

ಮರುದಿನ ಮುಂಜಾನೆ ಎದ್ದು ಎಮ್ಮೆ ಹಿಂಡಿದೆ. ಹಿತ್ತಲಿಂದ ಆ ಹಳದಿ ಡಬ್ಬಿ ತೆಗೆದು ಬೂದಿ ಹಾಕಿ ತಿಕ್ಕಿ ತೊಳೆದು, ಅದೇ ಕೆಂಪು ದಾರ ಹಿಡಿದು ಮಾರುತಿಯ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ನನ್ನನ್ನು ನೋಡಿ ಬಾಯಿಯ ನೊರೆ ಉಗುಳಿ ಎದ್ದು ನಿಂತ. ಡಬ್ಬಿಯನ್ನು ಅವನ ಬಾಗಿಲ ಚಿಲಕಕ್ಕೆ ನಾನೇ ತೂಗುಹಾಕಿದೆ.

"ಬರೂ ವರ್ಷದ ಜಯಂತಿಗೂ ನಿನ್ನ ಟ್ರ್ಯಾಕ್ಟರ್ ಬೇಕಂತ, ಸುಜಾ ಹೇಳ್ಯಾಳ" ಎಂದೆ. "ಇದನ್ನ ತುಂಬಿಸಿಕೊಂಡ ಬಾ."